ಪರೀಕ್ಷೆ ಸರಿ, ಆಮೇಲೆ?

ಹರ್ನಿಯಾ ಆಪರೇಷನ್ನಿಗೆಂದು ಖಾಸಗಿ ನರ್ಸಿಂಗ್ ಹೋಮ್ ಸೇರಿದವರ ಲ್ಯಾಬ್ ಬಿಲ್ಲಿನಲ್ಲಿ ಶುಗರ್, ಹಿಮೋಗ್ಲೋಬಿನ್‌ಗಳ ಕೆಳಗೆ ಎಚ್‌ಐವಿ ಎಂಬ ಸಾಲೂ ಇರುವುದುಂಟು. ಆ ಪರೀಕ್ಷೆ ನಡೆದದ್ದು ಎಷ್ಟೋ ರೋಗಿಗಳಿಗೆ ಗೊತ್ತಾಗುವುದೇ ದುಡ್ಡು ಕಟ್ಟುವಾಗ. ಅಡ್ಮಿಷನ್ ಗಡಿಬಿಡಿಯಲ್ಲಿ ನಾಲ್ಕಾರು ಹಾಳೆಗಳಿಗೆ ಹಾಕಿದ ಸಹಿಯನ್ನೇ ಒಪ್ಪಿಗೆ ಎಂದುಕೊಳ್ಳಲಾಗುತ್ತದೆ. ಎಚ್‌ಐವಿ ಪರೀಕ್ಷೆ ಮಾಮೂಲಾಗಬೇಕೇ ಎಂಬ ಚರ್ಚೆ ನಡೆಯುವ ಮೊದಲೇ ಅದು ಹಿಂಬಾಗಿಲಿನಿಂದ ಮಾಮೂಲಾಗಿಬಿಟ್ಟಿದೆ.

ಮಾಮೂಲಾಗುವುದು ತಪ್ಪಲ್ಲ. ಬೋಟ್ಸ್ವಾನಾ 2004ರಲ್ಲಿ ಇದನ್ನು ನೀತಿಯಾಗಿಸಿತು. 13ರಿಂದ 64 ವರ್ಷದವರಿಗೆಲ್ಲ, ಅವರು ಬೇಡವೆನ್ನದಿದ್ದರೆ, ಪರೀಕ್ಷೆ ಮಾಡಿ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2006ರಲ್ಲಿ ಶಿಫಾರಸು ಮಾಡಿತು. ಎಲ್ಲರಿಗೂ ಮಾಡಿದಾಗ ಯಾರ ಮೇಲೂ ಅನುಮಾನದ ಬೆರಳು ಎದ್ದಂತಾಗುವುದಿಲ್ಲ. ನಮ್ಮಲ್ಲೂ 2004ರಿಂದ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಉಚಿತ. 2017ರಿಂದ ಸೋಂಕು ಖಚಿತವಾದವರಿಗೆಲ್ಲ ಚಿಕಿತ್ಸೆ. ಮಾತ್ರೆ ತಪ್ಪಿಸದೆ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಹೀಗಿರುವಾಗ ತಡವಾಗಿ ತಿಳಿಯುವುದೇ ನಷ್ಟ.

ಈ ಮಾತಿಗೆ ಸಾಕ್ಷಿ ಬಸುರಿಯರ ಪರೀಕ್ಷೆ. ತಾಯಿ ಕಾರ್ಡ್ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವಳ ಬೆರಳು ಚುಚ್ಚಿ ನೋಡುತ್ತಾರೆ. 'ರಿಯಾಕ್ಟಿವ್' ಬಂದರೆ ಸರ್ಕಾರಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರವಾದ ಐಸಿಟಿಸಿಗೆ ಕಳಿಸಿ ಖಚಿತಪಡಿಸಿಕೊಳ್ಳುತ್ತಾರೆ. ಅಲ್ಲಿ ಆಪ್ತಸಮಾಲೋಚಕರಿದ್ದಾರೆ, ಮುಂದೆ ಎಆರ್‌ಟಿ ಕೇಂದ್ರವಿದೆ. ಚಿಕಿತ್ಸೆ ಇಲ್ಲದಿದ್ದರೆ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ 15ರಿಂದ 45. ಸರಿಯಾದ ಚಿಕಿತ್ಸೆ ಸಿಕ್ಕರೆ ಶೇ 5ಕ್ಕಿಂತ ಕಡಿಮೆ. ಆದರೆ ಇಲ್ಲೂ ಒಂದು ಕೊರತೆಯಿದೆ. ಗಂಡ ಪರೀಕ್ಷೆಗೆ ಬಾರದಿದ್ದರೆ ಮನೆಯಲ್ಲಿ ಮೊದಲು ಗೊತ್ತಾಗುವುದು ಸೊಸೆಯದು, ಹಾಗಾಗಿ ರೋಗ ತಂದವಳೂ ಅವಳೇ ಎಂದಾಗುತ್ತದೆ. ದಂಪತಿಯನ್ನು ಜೊತೆಗೇ ಕರೆಯುವುದು ಬರೀ ಸಲಹೆಯಾಗಿ ಉಳಿಯಬಾರದು.

ಆಪರೇಷನ್ನಿಗೆ ಮುಂಚಿನ ಪರೀಕ್ಷೆಯ ಕಥೆ ಬೇರೆ. ಇಲ್ಲಿ ಫಲಿತಾಂಶ ಬೇಕಿರುವುದು ರೋಗಿಗಲ್ಲ, ಆಸ್ಪತ್ರೆಗೆ. ಪಾಸಿಟಿವ್ ಬಂದರೆ ಫೈಲಿನ ಮೇಲೊಂದು ಗುರುತು, ಇಲ್ಲವೇ 'ನಮ್ಮಲ್ಲಿ ಸೌಲಭ್ಯವಿಲ್ಲ, ದೊಡ್ಡಾಸ್ಪತ್ರೆಗೆ ಹೋಗಿ' ಎಂಬ ಮಾತು. ಸಿಬ್ಬಂದಿಯ ಭಯ ಸುಳ್ಳಲ್ಲ, ಆದರೆ ಅದಕ್ಕೆ ಈ ಪರೀಕ್ಷೆ ಮದ್ದಲ್ಲ. ಸೋಂಕು ತಗಲಿದ ಹೊಸತರಲ್ಲಿ ವರದಿ ನೆಗೆಟಿವ್ ಬರಬಹುದು; ಅದನ್ನು ನಂಬಿ ಎಚ್ಚರ ತಪ್ಪಿದವರಿಗೇ ಅಪಾಯ. ಸಿಬ್ಬಂದಿಯನ್ನು ಕಾಯುವುದು ಪ್ರತಿಯೊಬ್ಬ ರೋಗಿಯ ವಿಷಯದಲ್ಲೂ ಒಂದೇ ಮುನ್ನೆಚ್ಚರಿಕೆ, ಮತ್ತು ಸೂಜಿ ಚುಚ್ಚಿಕೊಂಡರೆ 72 ಗಂಟೆಯೊಳಗೆ ಶುರುವಾಗುವ ಮಾತ್ರೆ.

2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ–ಏಡ್ಸ್ ಕಾಯ್ದೆ ತಿಳಿದು ಕೊಟ್ಟ ಒಪ್ಪಿಗೆಯನ್ನು ಕೇಳುತ್ತದೆ. ಚಿಕಿತ್ಸೆ ಬೇಕಾದರೆ ಮೊದಲು ಎಚ್‌ಐವಿ ಪರೀಕ್ಷೆ ಎಂಬ ಷರತ್ತನ್ನು ನಿಷೇಧಿಸುತ್ತದೆ. ಪ್ರತ್ಯೇಕ ಲಿಖಿತ ಒಪ್ಪಿಗೆ ಬೇಡವೆಂಬ ಅಮೆರಿಕದ ದಾರಿಯನ್ನು ಇಲ್ಲಿಗೆ ತರುವುದು ಸುಲಭವಲ್ಲ. ಡಾಕ್ಟರ ಮುಂದೆ 'ಬೇಡ' ಎನ್ನುವ ರೂಢಿಯೇ ನಮ್ಮ ರೋಗಿಗಳಿಗಿಲ್ಲ. 'ಎಲ್ಲರಿಗೂ ಮಾಡ್ತೀವಿ, ಬೇಡ ಅಂದ್ರೂ ಆಪರೇಷನ್ ನಿಲ್ಲಲ್ಲ' ಎಂದು ಒಬ್ಬರು ಬಾಯಿಬಿಟ್ಟು ಹೇಳಿದರೆ ಮಾತ್ರ ಆ ಆಯ್ಕೆ ನಿಜವಾಗುತ್ತದೆ. ವರದಿ ಪಾಸಿಟಿವ್ ಬಂದರೆ ಯಾರು ಮಾತಾಡಿಸುತ್ತಾರೆ, ಯಾವ ಎಆರ್‌ಟಿ ಕೇಂದ್ರಕ್ಕೆ ಜೋಡಿಸುತ್ತಾರೆ ಎಂಬುದಕ್ಕೆ ಉತ್ತರವಿಲ್ಲದ ಆಸ್ಪತ್ರೆ ಆ ಸಾಲನ್ನು ತನ್ನ ಲ್ಯಾಬ್ ಪಟ್ಟಿಯಲ್ಲಿ ಸೇರಿಸಲೇಬಾರದು.