ತವರಿನ ಹಾಡು, ದೂರದ ದನಿ

ನೇಪಾಳಿ ಸಿನೆಮಾದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮೂರು ‘ಮೊದಲು’ಗಳನ್ನು ಎಣಿಸುತ್ತಾರೆ. ಆ ಭಾಷೆಯ ಮೊದಲ ಚಿತ್ರ ಡಿ.ಬಿ. ಪರಿಯಾರ್ ನಿರ್ದೇಶಿಸಿದ, 1951ರ ‘ಹರಿಶ್ಚಂದ್ರ’. ಅದು ತಯಾರಾದದ್ದು ಕಲ್ಕತ್ತದಲ್ಲಿ. ನೇಪಾಳ ಸರಕಾರವೇ ನಿರ್ಮಿಸಿದ ಮೊದಲ ಚಿತ್ರ 1964ರ ‘ಆಮಾ’, ಅಂದರೆ ಅಮ್ಮ. ಖಾಸಗಿಯವರು ನಿರ್ಮಿಸಿದ ಮೊದಲ ಚಿತ್ರ 1966ರ ‘ಮೈತೀಘರ್’, ಅಂದರೆ ತವರುಮನೆ. ಈ ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದರಲ್ಲಿ ಸೇರದೆ ಹೊರಗುಳಿದವರು ಯಾರು ಎಂದು ಕೇಳಿಕೊಂಡರೆ ಚಿತ್ರ ಬೇರೆಯೇ ಆಗುತ್ತದೆ.

‘ಆಮಾ’ದ ನಿರ್ದೇಶನಕ್ಕೆ ದೊರೆ ಮಹೇಂದ್ರ ಕರೆಸಿಕೊಂಡದ್ದು ಮುಂಬಯಿಯ ಚಿತ್ರರಂಗದಲ್ಲಿದ್ದ ಹೀರಾಸಿಂಗ್ ಖತ್ರಿಯವರನ್ನು. ಶಿವಶಂಕರ್ ಮತ್ತು ಭುವನ್ ಚಂದ್ ಮುಖ್ಯ ಪಾತ್ರಗಳಲ್ಲಿದ್ದರು. ಭಾರತದ ಸೇನೆಯಲ್ಲಿರುವ ಯುವಕನೊಬ್ಬ ರಜೆಯಲ್ಲಿ ಊರಿಗೆ ಬಂದು, ಮನಸ್ಸು ಬದಲಾಗಿ, ತನ್ನ ನಾಡಿಗಾಗಿ ದುಡಿಯಲು ಅಲ್ಲೇ ನಿಲ್ಲುವುದು ಇದರ ಕತೆ. 1960ರಲ್ಲಿ ಚುನಾಯಿತ ಸರಕಾರವನ್ನು ವಜಾ ಮಾಡಿದ್ದ ಅರಸೊತ್ತಿಗೆಗೆ ಬೇಕಾಗಿದ್ದ ಪಾಠವೂ ಇದೇ. ಪಾಠ ಕೆಟ್ಟದ್ದೇನಲ್ಲ. ಆದರೆ ಮಕ್ಕಳನ್ನು ಪರನಾಡಿನ ಸೇನೆಗೆ ಅಟ್ಟಿದ ಬಡತನ ಉಪದೇಶದಿಂದ ಕರಗುವಂಥದ್ದಲ್ಲ.

ಹೀಗೆ ಹೋದ ಸೈನಿಕನನ್ನು ನೇಪಾಳಿಯಲ್ಲಿ ‘ಲಾಹುರೆ’ ಎನ್ನುತ್ತಾರೆ. ರಣಜಿತ್ ಸಿಂಗನ ಕಾಲದಲ್ಲಿ ಲಾಹೋರಿಗೆ ಹೋಗಿ ಸೇನೆ ಸೇರಿದವರಿಂದ ಬಂದ ಪದ ಇದು. ಈ ಲಾಹುರೆಯ ಪಾಡು ಪರದೆಗೆ ಬರುವ ಬಹಳ ಮೊದಲೇ ಹಾಡಾಗಿತ್ತು. 1895ರಲ್ಲಿ ಧರ್ಮಶಾಲೆಯ ಬಳಿಯ ಭಾಗ್ಸುವಿನಲ್ಲಿ ಹುಟ್ಟಿದ ಮಿತ್ರಸೇನ್ ಥಾಪಾ ಮಗರ್ ಸ್ವತಃ ಗೂರ್ಖಾ ಸೈನಿಕರಾಗಿದ್ದವರು. ಕೆಲಸ ಬಿಟ್ಟು, ಹಾರ್ಮೋನಿಯಂ ಹಿಡಿದು ಊರೂರು ಅಲೆದು, ಜನರ ಧಾಟಿಗಳನ್ನು ಗ್ರಾಮಫೋನ್ ತಟ್ಟೆಗಳಿಗೆ ತಂದರು. ರಾಣಾಗಳ ಅರಮನೆಯಲ್ಲಿ ಹಾಡುತ್ತಿದ್ದ ಮೇಲವಾ ದೇವಿ ಕಲ್ಕತ್ತಕ್ಕೆ ಹೋಗಿ ಹಾಡು ಮುದ್ರಿಸಿದರು. ಹೆಣ್ಣಿನ ದನಿ ಅರಮನೆಯ ಗೋಡೆ ದಾಟಿದ್ದು ಸಣ್ಣ ಸಂಗತಿಯಲ್ಲ.

ನನ್ನನ್ನು ಹೆಚ್ಚು ಕಾಡುವ ಹೆಸರು ಝಲಕ್‌ಮಾನ್ ಗಂಧರ್ವ (1935–2003). ಸಾರಂಗಿ ನುಡಿಸುತ್ತ ಮನೆಮನೆಗೆ ಸುದ್ದಿ ಮುಟ್ಟಿಸುತ್ತಿದ್ದ ಗಂಧರ್ವರನ್ನು ಸಮಾಜ ಅಸ್ಪೃಶ್ಯರೆಂದು ಅಂಗಳದಲ್ಲೇ ನಿಲ್ಲಿಸಿತ್ತು. ಆ ಅಂಗಳದ ದನಿಯನ್ನು ರೇಡಿಯೋ ನೇಪಾಳ ಮನೆಯೊಳಗೆ ತಂದಿತು. ಝಲಕ್‌ಮಾನರ ಪ್ರಸಿದ್ಧ ಹಾಡಿನಲ್ಲಿ, ಯುದ್ಧದಲ್ಲಿ ಸಾಯುತ್ತಿರುವ ಸೈನಿಕ ತಾಯಿಗೆ ಏನು ಹೇಳಬೇಕೆಂದು ಜೊತೆಗಾರರಿಗೆ ತಿಳಿಸುತ್ತಾನೆ. ಸರಕಾರದ ‘ಆಮಾ’ಳಿಗೆ ಮಗ ಸಿಕ್ಕಿದ. ಗಂಧರ್ವನ ಹಾಡಿನ ತಾಯಿಗೆ ಸಿಕ್ಕಿದ್ದು ಸುದ್ದಿ ಮಾತ್ರ. ಇವೆರಡರಲ್ಲಿ ನೇಪಾಳದ ನಿಜವಾದ ತಾಯಿ ಯಾರೆಂದು ಕೇಳಿದರೆ, ನಾನು ಹಾಡಿನತ್ತ ಕೈ ತೋರಿಸುತ್ತೇನೆ.

ಹಾಗೆಂದು ಪರದೆಯನ್ನು ಹಗುರವಾಗಿ ಕಾಣಬೇಕಿಲ್ಲ. ಬಿ.ಎಸ್. ಥಾಪಾ ಅವರ ‘ಮೈತೀಘರ್’ನ ನಾಯಕಿ ಮಾಲಾ ಸಿನ್ಹಾ. ಕಲ್ಕತ್ತದ ನೇಪಾಳಿ ಮೂಲದ ಕ್ರೈಸ್ತ ಕುಟುಂಬದ ಮಗಳು, ಹಿಂದಿಯ ತಾರೆ, ‘ತವರುಮನೆ’ ಎಂಬ ಚಿತ್ರದ ಮೂಲಕವೇ ಪೂರ್ವಿಕರ ಭಾಷೆಗೆ ಬಂದರು. ಸಂಗೀತ ಜಯದೇವ್ ಅವರದು. ಲತಾ, ಆಶಾ, ಗೀತಾ ದತ್, ಮನ್ನಾ ಡೇ ಅವರ ಜೊತೆಯಲ್ಲಿ ನೇಪಾಳದ ನಾರಾಯಣ ಗೋಪಾಲ್ ಮತ್ತು ಪ್ರೇಮ್‌ಧ್ವಜ್ ಪ್ರಧಾನ್ ಹಾಡಿದರು. ಇದನ್ನು ಎರವಲು ಎಂದು ಮೂಗು ಮುರಿಯುವವರಿದ್ದಾರೆ. ಅದು ಪೂರ್ತಿ ನ್ಯಾಯವಲ್ಲ. ಮುಂಬಯಿಯ ಮೈಕಿನ ಮುಂದೆ ಕಾಠ್ಮಂಡುವಿನ ಕಂಠಗಳೂ ಸಮನಾಗಿ ನಿಂತ ಗಳಿಗೆ ಅದು. ಬೇಸರದ ಮಾತೆಂದರೆ, ಮುಂಬಯಿಯ ಹೆಸರುಗಳು ಬೆಳಗಿದಷ್ಟು ಮೇಲವಾ ದೇವಿಯಂಥವರ ಹೆಸರು ಬೆಳಗಲಿಲ್ಲ.

ಅರಸೊತ್ತಿಗೆಯ ಅಧಿಕಾರ ಹೋದ ಮೇಲೆ, 2007ರಲ್ಲಿ ನೇಪಾಳ ಹೊಸ ರಾಷ್ಟ್ರಗೀತೆಯನ್ನು ಅಂಗೀಕರಿಸಿತು. ಅದಕ್ಕೆ ರಾಗ ಕಟ್ಟಿದವರು ಅಂಬರ್ ಗುರುಂಗ್. ಅವರು ಹುಟ್ಟಿದ್ದು ಭಾರತದ ಡಾರ್ಜಿಲಿಂಗಿನಲ್ಲಿ! ದೇಶವೊಂದು ಎದ್ದುನಿಂತು ಹಾಡುವ ಹಾಡಿಗೂ ಗಡಿಯಾಚೆಯ ಒಬ್ಬ ಮಗ ಬೇಕಾದ. ‘ಮೊದಲು’ಗಳ ಪಟ್ಟಿಯನ್ನು ಇನ್ನೊಮ್ಮೆ ಬರೆಯುವಾಗ ಸರಕಾರ ಕಟ್ಟಿದ ಪರದೆಯ ಜೊತೆಗೆ, ಕೆಲಸ ಬಿಟ್ಟ ಸೈನಿಕನ ಹಾರ್ಮೋನಿಯಂ, ಅರಮನೆ ದಾಟಿದ ಹೆಣ್ಣಿನ ಕಂಠ, ಅಂಗಳದಲ್ಲಿ ನಿಂತವನ ಸಾರಂಗಿ ಇವಕ್ಕೂ ಜಾಗ ಇರಲಿ.