ಜಂಡಿಯಾಲಾದ ಸುತ್ತಿಗೆ ಕೈಗಳು

ಅಮೃತಸರಕ್ಕೆ ಹೋದವರು ಸ್ವರ್ಣಮಂದಿರದ ಚಿನ್ನದ ಹೊದಿಕೆಯನ್ನು ಕಣ್ತುಂಬಿಕೊಂಡು ಬರುತ್ತಾರೆ. ಅದೇ ಜಿಲ್ಲೆಯ ಜಂಡಿಯಾಲಾ ಗುರು ಎಂಬ ಊರಿನಲ್ಲಿ ತಾಮ್ರ, ಹಿತ್ತಾಳೆ, ಕಂಚನ್ನು ಪಳಗಿಸುವ ಠಠೇರರನ್ನು ನೋಡಿ ಬರುವವರು ಕಡಿಮೆ. ಮಹಾರಾಜ ರಣಜಿತ್ ಸಿಂಗ್ ಕಾಲದಲ್ಲಿ ಇಲ್ಲಿ ನೆಲೆಯೂರಿದ ಈ ಕಸುಬು 2014ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು.

ಕರಗಿಸಿ ಆರಿಸಿದ ಲೋಹದ ಬಿಲ್ಲೆಯನ್ನು ಮೊದಲು ತೆಳ್ಳನೆಯ ತಗಡು ಮಾಡುತ್ತಾರೆ. ಆಮೇಲೆ ಸುತ್ತಿಗೆಯದೇ ಕಾರುಬಾರು. ಬಡಿದಷ್ಟೂ ಲೋಹ ಬಿರುಸಾಗುತ್ತದೆ; ಮತ್ತೆ ಕಾಯಿಸದೆ ಬಡಿದರೆ ಸೀಳು ಬಿಡುತ್ತದೆ. ಅದಕ್ಕೇ ನೆಲದಲ್ಲಿ ಹೂತ ಪುಟ್ಟ ಸೌದೆ ಒಲೆ, ಕೈಯಿಂದ ಊದುವ ತಿದಿ. ಬೆಂಕಿಯ ಹದ ಪುಸ್ತಕದಿಂದ ಬಂದದ್ದಲ್ಲ, ಅಪ್ಪನ ಪಕ್ಕ ಕೂತು ಮಗ ಕಲಿತದ್ದು.

ಹತ್ತಿರದಿಂದ ನೋಡಬೇಕು. ಒಂದು ಕೈ ಪಾತ್ರೆಯನ್ನು ಕೂದಲೆಳೆಯಷ್ಟು ಸರಿಸುತ್ತದೆ, ಇನ್ನೊಂದು ಕೈಯ ಸುತ್ತಿಗೆ ಹಿಂದಿನ ಪೆಟ್ಟಿನ ಮಗ್ಗುಲಲ್ಲೇ ಬೀಳುತ್ತದೆ. ಹಾಗೆ ಮೂಡಿದ ಪುಟ್ಟ ಗುಳಿಗಳ ಸಾಲೇ ಪಾತ್ರೆಗೆ ಒಡವೆ. ತೆಳು ತಗಡಿಗೆ ಗಟ್ಟಿತನವೂ ಆ ಪೆಟ್ಟುಗಳದ್ದೇ ಕೊಡುಗೆ. ಕೊನೆಗೆ ಬೆಳಗುವುದಕ್ಕೆ ಮರಳು ಮತ್ತು ಹುಣಸೆ ಹುಳಿ. ನಮ್ಮ ಅಜ್ಜಿಯರು ಹಿತ್ತಾಳೆ ಕೊಡ ತಿಕ್ಕುತ್ತಿದ್ದ ಅದೇ ಹುಣಸೆ!

ಊಟದ ತಟ್ಟೆ, ಬಟ್ಟಲಿನಿಂದ ದೊಡ್ಡ ಕೊಪ್ಪರಿಗೆಯವರೆಗೆ ಎಲ್ಲಕ್ಕೂ ಇದೇ ತಾಳ್ಮೆ. ಕೊಳ್ಳುವವರು ಹೊಳಪಿಗೆ ಮರುಳಾಗುವ ಮೊದಲು ಆ ಗುಳಿಗಳ ಮೇಲೆ ಬೆರಳಾಡಿಸಲಿ. ಚೌಕಾಸಿ ಮಾಡಲು ಬಾಯಿ ಬಾರದು.