ಅರ್ಜಿ ಓದುವ ಯಂತ್ರಕ್ಕೆ ಪಾಠ ಹೇಳಿದವರು ಯಾರು?

ಈಚೆಗೆ ನಮ್ಮ ಹಾಸ್ಟೆಲ್ ಹುಡುಗ ಹುಡುಗಿಯರ ಕೈಯಲ್ಲಿ ಒಂದು ಬಗೆಯ ಉಪದೇಶ ಸಾಹಿತ್ಯ ಓಡಾಡುತ್ತಿದೆ. ಎಐ ಕಾಲದಲ್ಲಿ ಕೆಲಸ ಹುಡುಕುವುದು ಹೇಗೆ, ಬಡ್ತಿ ಪಡೆಯುವುದು ಹೇಗೆ ಎಂಬುದು ಅದರ ವಸ್ತು. ಕಥೆ, ಕಾದಂಬರಿಗಳನ್ನು ವಿಮರ್ಶೆ ಮಾಡುವ ನಾವು ಇದನ್ನೂ ಹಾಗೇ ಓದಬೇಕು. ಯಾಕೆಂದರೆ ಕಾದಂಬರಿ ಓದದವರೂ ಇದನ್ನು ಓದ್ತಾರೆ, ನಂಬ್ತಾರೆ.

ಮೊದಲ ಪ್ರಶ್ನೆ: ಈ ಬರಹಗಳ ನಾಯಕ ಯಾರು? ಅವನ ಮನೆಯಲ್ಲಿ ಲ್ಯಾಪ್‌ಟಾಪ್ ಇದೆ. ಸಂಜೆ ಬಿಡುವಿದೆ. ಇಂಗ್ಲಿಷ್ ಸಲೀಸು. ಕಂಪನಿಯೊಳಗೆ ಒಬ್ಬ ಚಿಕ್ಕಪ್ಪ ಇದ್ದಾನೆ. 'ಕೌಶಲ ಹೆಚ್ಚಿಸಿಕೊಳ್ಳಿ, ಸಂಪರ್ಕ ಬೆಳೆಸಿ, ಯಂತ್ರಕ್ಕೆ ಹಿಡಿಸುವ ಪದ ತುಂಬಿ' ಎಂದು ಅವನಿಗೆ ಹೇಳಬಹುದು. ಕೂಲಿ ಮಾಡುವ ತಾಯಿಯ ಮಗಳು, ಕೇರಿಯಲ್ಲಿ ಮೊದಲ ಡಿಗ್ರಿ ಪಡೆದವಳು, ಸಂಪರ್ಕ ಎಲ್ಲಿಂದ ತರಬೇಕು? ಈ ನಾಡಿನಲ್ಲಿ ಸಂಪರ್ಕ ಅನ್ನೋದು ಜಾತಿಯ ದಾರಿಯಲ್ಲೇ ನಡೆದುಬಂದಿದೆ.

'ಯಂತ್ರಕ್ಕೆ ಜಾತಿ ಗೊತ್ತಿಲ್ಲ' ಎಂಬ ಮಾತು ಇನ್ನೂ ದೊಡ್ಡ ಮೋಸ. ಯಂತ್ರ ಹಳೆಯ ಕಡತ ಓದಿ ಕಲಿಯುತ್ತದೆ. ಅಮೆಜಾನ್ ಕಂಪನಿ ಹತ್ತು ವರ್ಷದ ಅರ್ಜಿಗಳನ್ನು ಓದಿಸಿ ಇಂಥದೊಂದು ಯಂತ್ರ ತಯಾರಿಸಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರವು. 'ಮಹಿಳೆಯರ' ಎಂಬ ಪದವಿದ್ದ ಅರ್ಜಿಗಳನ್ನು ಯಂತ್ರ ಕೆಳಕ್ಕೆ ತಳ್ಳತೊಡಗಿತು. ಕಂಪನಿ ಅದನ್ನು ಕೈಬಿಟ್ಟ ಸುದ್ದಿ 2018ರಲ್ಲಿ ಹೊರಬಿತ್ತು.

ನಮ್ಮ ದೇಶದ ಕಡತ ಎಂಥದು? ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿಗಳು ಹೋದವು. ಒಂದೇ ಮಟ್ಟದ ಓದಿಗೆ ಬೇರೆ ಬೇರೆ ಹೆಸರು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರರಲ್ಲಿ ಎರಡು ಪಾಲು. ಮುಸ್ಲಿಂ ಹೆಸರಿಗೆ ಒಂದೇ ಪಾಲು. ಹೀಗೆ ಆರಿಸಿದವರು ಮನುಷ್ಯರೇ. ಇಂಥ ಆಯ್ಕೆಯ ಪಟ್ಟಿಗಳನ್ನೇ ಕೊಟ್ಟರೆ ಯಂತ್ರ ಇನ್ನೇನು ಕಲಿತೀತು?

ಶೋಷಿತ ಜಾತಿಯ ಸಂಶೋಧಕರೊಬ್ಬರು ಬೆಂಗಳೂರಿನ ಫೆಲೋಶಿಪ್ಪಿಗೆ ಬರೆದ ಅರ್ಜಿಯ ಇಂಗ್ಲಿಷ್ ತಿದ್ದಲು ಚಾಟ್‌ಜಿಪಿಟಿಗೆ ಕೊಟ್ಟರೆ, ಅದು ಅವರ ಮನೆತನದ ಹೆಸರನ್ನೂ ತಿದ್ದಿ 'ಶರ್ಮ' ಮಾಡಿತೆಂದು 2025ರಲ್ಲಿ ವರದಿಯಾಯಿತು. ಒಳ್ಳೆ ಇಂಗ್ಲಿಷಿಗೆ ಯಾವ ಹೆಸರು ಒಪ್ಪುತ್ತದೆಂದು ಅದು ಎಲ್ಲಿಂದಲೋ ಕಲಿತಿದೆಯಲ್ಲ!

ಹಾಗಂತ ಯಂತ್ರ ಮುಟ್ಟಬೇಡಿ ಅಂತ ಹೇಳ್ತಿಲ್ಲ. ಅಕ್ಷರ ಮುಟ್ಟಬೇಡಿ ಅಂದವರ ಮಾತನ್ನು ನಾವೇ ಆಡಬಾರದು. ಹಾಸ್ಟೆಲಿನಲ್ಲಿ, ಹಳ್ಳಿ ಶಾಲೆಯಲ್ಲಿ ಅದನ್ನು ಕಲಿಯೋಣ, ಕಲಿಸೋಣ. ಆದರೆ ಕೆಲಸ ಸಿಗದವರು 'ನನ್ನಲ್ಲೇ ಏನೋ ಕಡಿಮೆ' ಅಂತ ತಲೆ ತಗ್ಗಿಸುವಂತೆ ಮಾಡುತ್ತವಲ್ಲ, ಈ ಬರಹಗಳ ನಿಜವಾದ ಕೇಡು ಅದು. ಬಾಗಿಲು ಮುಚ್ಚಿದವನನ್ನು ಬಿಟ್ಟು ಹೊರಗೆ ನಿಂತವನಿಗೆ ಬುದ್ಧಿ ಹೇಳುತ್ತವೆ.

ಸಂವಿಧಾನದ 16(4)ನೇ ವಿಧಿ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಗೆ ದಾರಿ ಮಾಡಿದೆ. ಖಾಸಗಿ ಕಂಪನಿಗಳನ್ನು ಅದು ಮುಟ್ಟುವುದಿಲ್ಲ. ನೇಮಕ, ಬಡ್ತಿಗೆ ಬಳಸುವ ಇಂಥ ಯಂತ್ರಗಳಿಗೆ ಜನಾಂಗ, ಲಿಂಗ ತಾರತಮ್ಯದ ತಪಾಸಣೆ ಆಗಬೇಕೆಂಬ ಕಾನೂನನ್ನು ನ್ಯೂಯಾರ್ಕ್ ನಗರ 2023ರಲ್ಲಿ ಜಾರಿಗೆ ತಂದಿತು. ನಮ್ಮಲ್ಲಿ ಜಾತಿಯ ತಪಾಸಣೆ ಆಗಲಿ. ಅರ್ಜಿ ಯಾಕೆ ಬಿತ್ತೆಂದು ಕಂಪನಿ ಬರೆದು ಕೊಡಲಿ. ಮೀಸಲಾತಿ ಖಾಸಗಿ ಕ್ಷೇತ್ರಕ್ಕೂ ಬರಲಿ.

ಗೆಳೆಯರೇ, ಮುಂದಿನ ಸಲ ಇಂಥ ಬರಹ ಕೈಗೆ ಬಂದರೆ ಬಿಸಾಡಬೇಡಿ. ಕಲಿಯುವುದಿದ್ದರೆ ಕಲಿಯಿರಿ. ಆಮೇಲೆ ಬರೆದವರನ್ನು ಕೇಳಿ: ಸ್ವಾಮಿ, ನಿಮ್ಮ ಯಂತ್ರ ಯಾರ ಕಡತ ಓದಿ ಬಂದಿದೆ?